ಗಾಲ್ಫ್ ಕ್ಲಬ್ಬಿನ ತೂಕ, ಶಾಫ್ಟಿನ ಬಳುಕು: ಮನೆಯಲ್ಲೇ ಅಳೆದು ಆರಿಸುವ ಬಗೆ

ಗಾಲ್ಫ್ ಸೆಟ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು "ರೆಗ್ಯುಲರ್ ಶಾಫ್ಟ್ ತಗೊಳ್ಳಲೋ, ಸ್ಟಿಫ್ ತಗೊಳ್ಳಲೋ?" ಎಂದು. ಶಾಫ್ಟ್ ಅಂದರೆ ಚೆಂಡು ಹೊಡೆಯುವ ಕ್ಲಬ್ಬಿನ ಕೋಲು; ರೆಗ್ಯುಲರ್, ಸ್ಟಿಫ್ ಎಂಬುವು ಆ ಕೋಲು ಎಷ್ಟು ಬಳುಕುತ್ತದೆ, ಎಷ್ಟು ಬಿಗಿ ಎಂದು ಹೇಳುವ ಹೆಸರುಗಳು. ಆ ಪ್ರಶ್ನೆಯ ಸರದಿ ಕೊನೆಗೆ ಬರಬೇಕು. ಅದಕ್ಕೆ ಮೊದಲು ಗೊತ್ತಾಗಬೇಕಾದ್ದು ಎರಡು: ಕ್ಲಬ್ ಒಟ್ಟು ಎಷ್ಟು ಗ್ರಾಂ ತೂಗುತ್ತದೆ, ಆ ತೂಕ ಕೈಯ ಕಡೆಗೆಷ್ಟು, ತಲೆಯ ಕಡೆಗೆಷ್ಟು ಹಂಚಿಹೋಗಿದೆ. ತೂಕ ಹೊಂದದ ಕ್ಲಬ್ಬಿಗೆ ಎಂಥ ದುಬಾರಿ ಶಾಫ್ಟ್ ಹಾಕಿದರೂ ಸ್ವಿಂಗ್ ಹದಕ್ಕೆ ಬರುವುದಿಲ್ಲ. ತೂಕ ಹೊಂದಿದ್ದರೆ ಬಳುಕಿನಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆದುಹೋಗುತ್ತದೆ.

ಕಾರವಾರ, ಕುಮಟಾ, ಶಿರಸಿ ಕಡೆಯವರಿಗೆಂದೇ ಇದನ್ನು ಬರೆಯಲು ಕಾರಣವಿದೆ. ಬೆಂಗಳೂರಿನಲ್ಲಾದರೆ ರೇಡಾರ್ ಯಂತ್ರದ ಮುಂದೆ ನಿಲ್ಲಿಸಿ, ಹತ್ತು ಶಾಫ್ಟ್ ಬದಲಿಸಿ ಹೊಡೆಸಿ, ಹೊಂದುವುದನ್ನು ಆರಿಸಿಕೊಡುವವರು ಸಿಗುತ್ತಾರೆ. ನಮ್ಮಲ್ಲಿ ಸೆಟ್ ಮನೆಗೆ ಬರುವ ದಾರಿಯೇ ಬೇರೆ. ದುಬೈಯಿಂದ ರಜೆಗೆ ಬಂದ ಭಾವ ತಂದುಕೊಟ್ಟದ್ದು, ಅಮೆರಿಕಕ್ಕೆ ಹೋದ ಅಣ್ಣನ ಮಗ ಅಟ್ಟದ ಮೇಲೆ ಬಿಟ್ಟುಹೋದದ್ದು, ಗೋವಾದಲ್ಲಿ ಯಾರೋ ಮಾರಿದ ಹಳೇ ಚೀಲ. ಕಾರವಾರದವರಿಗೆ ಹತ್ತಿರದಲ್ಲಿ ಸಿಗುವ ಮೈದಾನವೆಂದರೆ ಗಡಿಯಾಚೆ ಗೋವಾದ ಕಾಣಕೋಣದ ರಾಜಬಾಗದಲ್ಲಿ ರೆಸಾರ್ಟಿಗೆ ಸೇರಿದ 9 ಹೋಲಿನದು. ಹೊರಗಿನವರಿಗೆ ಆಡಲು ಕೊಡುತ್ತಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೊರಡಿ. ಇಂಥ ಕಡೆ ಆಟ ಕಲಿಯುವವರು ಅಳತೆಯ ಕೆಲಸವನ್ನೂ ತಾವೇ ಮಾಡಿಕೊಳ್ಳಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ, ದರ್ಜಿಯ ಟೇಪು, ಸ್ಲೋ ಮೋಷನ್ ಇರುವ ಮೊಬೈಲು, ಒಂದು ಡಬ್ಬಿ ಪೌಡರ್ ಇದ್ದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಯಾವ ಭಾಗ ಎಷ್ಟು ತೂಗುತ್ತದೆ

ಕ್ಲಬ್ ಅಂದರೆ ತಲೆ, ಶಾಫ್ಟ್, ಗ್ರಿಪ್ ಮೂರೇ. ಅತಿ ದೂರ ಹೊಡೆಯಲು ಬಳಸುವ ಉದ್ದದ ಕ್ಲಬ್ಬೇ ಡ್ರೈವರ್. ಈಗಿನ ಡ್ರೈವರಿನ ತಲೆ ಸುಮಾರು 200 ಗ್ರಾಂ, ಗ್ರಿಪ್ ಸುಮಾರು 50 ಗ್ರಾಂ, ಗ್ರಾಫೈಟ್ ಶಾಫ್ಟ್ 40ರಿಂದ 80 ಗ್ರಾಂ. ಎಲ್ಲ ಸೇರಿ 290ರಿಂದ 330 ಗ್ರಾಂ. ಐರನ್‌ಗಳಲ್ಲಿ ತಲೆ ಇನ್ನೂ ಭಾರ (ಐರನ್ ಅಂದರೆ ಲೋಹದ ಚಪ್ಪಟೆ ತಲೆಯ ಕ್ಲಬ್ಬು; ಅಂಕಿ ಏರಿದಂತೆ ಕೋಲು ಗಿಡ್ಡ): 7ನೇ ಐರನ್ನಿನ ತಲೆ ಸುಮಾರು 270 ಗ್ರಾಂ, ಅಲ್ಲಿಂದ 8, 9 ಎಂದು ಹೋದಂತೆ ಒಂದೊಂದಕ್ಕೂ 7 ಗ್ರಾಂನಷ್ಟು ಏರುತ್ತದೆ. ಕೋಲು ಅರ್ಧ ಇಂಚು ಗಿಡ್ಡವಾದಾಗ ತಲೆಗೆ ಅಷ್ಟು ಭಾರ ಸೇರಿಸಿದರೆ ಕೈಗೆ ಎಲ್ಲವೂ ಒಂದೇ ಥರ ಅನ್ನಿಸುತ್ತದೆ ಎಂಬ ಲೆಕ್ಕಾಚಾರ ಅದು.

ದೊಡ್ಡ ವ್ಯತ್ಯಾಸ ಇರುವುದು ಶಾಫ್ಟಿನಲ್ಲಿ. 1929ರಲ್ಲಿ ಗಾಲ್ಫ್ ನಿಯಮ ರೂಪಿಸುವ ಬ್ರಿಟನ್ನಿನ ಆರ್ ಆ್ಯಂಡ್ ಎ ಸಂಸ್ಥೆ ಉಕ್ಕಿನ ಶಾಫ್ಟಿಗೆ ಒಪ್ಪಿಗೆ ಕೊಡುವ ತನಕ ಅಲ್ಲಿ ಹಿಕರಿ ಮರದ ಕೋಲೇ ನಡೆಯುತ್ತಿತ್ತು. ಇವತ್ತು ಉಕ್ಕಿನ ಐರನ್ ಶಾಫ್ಟು ಕತ್ತರಿಸುವ ಮುಂಚೆ 95ರಿಂದ 130 ಗ್ರಾಂ ತೂಗುತ್ತದೆ. ಹಳೇ ಸೆಟ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಡೈನಾಮಿಕ್ ಗೋಲ್ಡ್ ಶಾಫ್ಟು 130ರ ಆಸುಪಾಸಿನದು. ನಿಪ್ಪಾನ್ ಕಂಪನಿಯ ಎನ್‌ಎಸ್ ಪ್ರೊ 950 ಅದಕ್ಕಿಂತ 30 ಗ್ರಾಂನಷ್ಟು ಹಗುರ. ಗ್ರಾಫೈಟ್ ಐರನ್ ಶಾಫ್ಟುಗಳು 50ರಿಂದ 90 ಗ್ರಾಂ. ಹೊರಗಿನಿಂದ ನೋಡಲು ಒಂದೇ ಥರ ಇರುವ ಎರಡು ಉಕ್ಕಿನ ಸೆಟ್‌ಗಳು ಕೈಯಲ್ಲಿ ಬೇರೆಯೇ ಆಗಿ ಕೂರುವುದಕ್ಕೆ ಇದೇ ಕಾರಣ. ಶಾಫ್ಟಿನ ಮೇಲಿನ ಚೀಟಿಯನ್ನು ಸುಮ್ಮನೆ ಅಲಂಕಾರವೆಂದು ಕಿತ್ತು ಬಿಸಾಡಬೇಡಿ. ಹಳೇ ಸೆಟ್ ಕೊಳ್ಳುವಾಗ ಸಿಗುವ ಅತ್ಯಂತ ಉಪಯುಕ್ತ ಮಾಹಿತಿ ಅದರಲ್ಲೇ ಇರುತ್ತದೆ.

ಸ್ವಿಂಗ್ ಮಾಡುವಾಗ ಶಾಫ್ಟಿಗೆ ಏನಾಗುತ್ತದೆ

ಶಿರಸಿ, ಸಿದ್ದಾಪುರ ಕಡೆಯ ತೋಟಿಗರಿಗೆ ಇದನ್ನು ಹೇಳುವುದು ಸುಲಭ. ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಲ್ಲೇ ನಿಂತು ಅಡಿಕೆ ಕೊನೆ ಕೊಯ್ದವರಿಗೆ ಗೊತ್ತು: ಕೈ ಒಂದು ಕಡೆ ಎಳೆದಾಗ ತುದಿ ತಕ್ಷಣ ಬರುವುದಿಲ್ಲ, ಒಂದು ಕ್ಷಣ ಹಿಂದೆ ಉಳಿದು ಆಮೇಲೆ ಬರುತ್ತದೆ. ತುದಿಗೆ ಕತ್ತಿ ಕಟ್ಟಿದರೆ ಆ ವಿಳಂಬ ಇನ್ನೂ ಹೆಚ್ಚು. ದೋಟಿಯ ಒಟ್ಟು ತೂಕಕ್ಕಿಂತ ತುದಿಯ ತೂಕವೇ ತೋಳನ್ನು ದಣಿಸುವುದು. ಗಾಲ್ಫ್ ಗ್ರಾಫೈಟ್ ಶಾಫ್ಟು ಮಾಡುವುದೂ ಅದೇ ಕಾರ್ಬನ್ ಫೈಬರಿನಿಂದ, ನಡೆಯುವುದೂ ಅದೇ ನಿಯಮದಂತೆ.

ಕ್ಲಬ್ಬನ್ನು ಮೇಲಕ್ಕೆತ್ತಿ ಕೆಳಕ್ಕೆ ತಿರುಗಿಸುವ ಹೊತ್ತಿಗೆ ಕೈ ಮುಂದೆ ಹೊರಡುತ್ತದೆ, ತಲೆ ಹಿಂದೆ ಉಳಿಯುತ್ತದೆ, ಶಾಫ್ಟು ಹಿಂದಕ್ಕೆ ಬಾಗುತ್ತದೆ. ಚೆಂಡಿನ ಹತ್ತಿರ ಬರುವಾಗ ಚಿತ್ರ ತಿರುಗುಮುರುಗಾಗುತ್ತದೆ. ತಲೆಯ ಭಾರದ ಕೇಂದ್ರ ಶಾಫ್ಟಿನ ನೇರಕ್ಕೆ ಇರುವುದಿಲ್ಲ, ಸ್ವಲ್ಪ ಹೊರಗೂ ಹಿಂದಕ್ಕೂ ಇರುತ್ತದೆ. ವೇಗದಲ್ಲಿ ಹೊರಕ್ಕೆ ಸೆಳೆಯುವ ಬಲ ಆ ಕೇಂದ್ರವನ್ನು ಕೈಯ ನೇರಕ್ಕೆ ತರಲು ಎಳೆದಾಗ ಶಾಫ್ಟಿನ ತುದಿ ಮುಂದಕ್ಕೆ ಬಾಗುತ್ತದೆ, ಜತೆಗೆ ತಲೆಯ ಮೂತಿ, ಅಂದರೆ ಶಾಫ್ಟಿನಿಂದ ದೂರದ ತುದಿ, ನೆಲದ ಕಡೆಗೆ ತುಸು ಇಳಿಯುತ್ತದೆ. ಚೆಂಡಿಗೆ ತಾಗುವ ಕ್ಷಣದಲ್ಲಿ ಕ್ಲಬ್ಬಿನ ಮುಖ ಸ್ವಲ್ಪ ಮೇಲಕ್ಕೆ ತೆರೆದು, ಸ್ವಲ್ಪ ಎಡಕ್ಕೆ ತಿರುಗಿರುವುದು ಇದರಿಂದ. ಬಳುಕು ಜಾಸ್ತಿಯಿದ್ದಷ್ಟೂ ಈ ಪರಿಣಾಮ ಜಾಸ್ತಿ. ಮೆದು ಶಾಫ್ಟಿನಲ್ಲಿ ಚೆಂಡು ಎತ್ತರಕ್ಕೆ, ಎಡಕ್ಕೆ ಹೋಗುವುದೂ, ಬಿಗಿ ಶಾಫ್ಟಿನಲ್ಲಿ ತಗ್ಗಾಗಿ, ಬಲಕ್ಕೆ ಹೋಗುವುದೂ ಬಲಗೈ ಆಟಗಾರರಲ್ಲಿ ಸಾಮಾನ್ಯವಾಗಿ ಕಾಣುವ ಮಾತು. ಎಡಗೈಯವರು ದಿಕ್ಕು ಅದಲುಬದಲು ಮಾಡಿಕೊಳ್ಳಿ.

ಮೆದು ಶಾಫ್ಟು ಚಾಟಿಯಂತೆ ಬೀಸಿ ಚೆಂಡಿಗೆ ಹೆಚ್ಚಿನ ವೇಗ ಕೊಡುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಪರೀಕ್ಷೆ ಮಾಡಿ ನೋಡಿದವರಿಗೆ ಸಿಕ್ಕ ಉತ್ತರ ಬೇರೆ: ಬಳುಕಿನಿಂದ ತಲೆಯ ವೇಗದಲ್ಲಿ ಆಗುವ ವ್ಯತ್ಯಾಸ ಬಹಳ ಸಣ್ಣದು. ಚೆಂಡು ಮುಖಕ್ಕೆ ಅಂಟಿಕೊಂಡಿರುವುದೇ ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು. ಅಷ್ಟರೊಳಗೆ ಶಾಫ್ಟು ಏನನ್ನೂ ತಿದ್ದಲಾರದು. ಬಳುಕು ನಿರ್ಧರಿಸುವುದು ಚೆಂಡಿನ ಎತ್ತರ, ದಿಕ್ಕು, ಮತ್ತು ಇವೆರಡಕ್ಕಿಂತ ಮುಖ್ಯವಾಗಿ ಆಟಗಾರನಿಗೆ ತಲೆ ಎಲ್ಲಿದೆ ಎಂದು ಕೈಯಲ್ಲಿ ಗೊತ್ತಾಗುವ ರೀತಿ. ಆ ಸುಳಿವು ತಪ್ಪಿದರೆ ಆಟಗಾರ ತನಗೆ ಅರಿವಿಲ್ಲದೆಯೇ ಸ್ವಿಂಗ್ ಬದಲಿಸುತ್ತಾನೆ. ತೊಂದರೆ ಶುರುವಾಗುವುದು ಅಲ್ಲಿ.

ತೂಕದ ವಿಷಯದಲ್ಲೂ ಇಂಥದೇ ಒಂದು ನಂಬಿಕೆ ಇದೆ: ತಲೆ ಭಾರವಾದಷ್ಟೂ ಚೆಂಡು ದೂರ. ಲೆಕ್ಕ ಹಾಕೋಣ. ಗಾಲ್ಫ್ ಚೆಂಡು ನಿಯಮದ ಪ್ರಕಾರ 45.93 ಗ್ರಾಂ ಮೀರುವಂತಿಲ್ಲ. 200 ಗ್ರಾಂ ತಲೆಗೆ ಇನ್ನೂ 10 ಗ್ರಾಂ ಸೇರಿಸಿ ಅಷ್ಟೇ ವೇಗದಲ್ಲಿ ಹೊಡೆದರೂ ಚೆಂಡಿನ ವೇಗ ಹೆಚ್ಚುವುದು ಶೇಕಡಾ 1ಕ್ಕಿಂತ ಕಡಿಮೆ. ಅಷ್ಟು ಭಾರವನ್ನು ಅದೇ ವೇಗದಲ್ಲಿ ತಿರುಗಿಸುವುದು ಸುಲಭವಲ್ಲ, ಹಾಗಾಗಿ ಗಳಿಸಿದ್ದು ಅಲ್ಲಿಂದಲ್ಲಿಗೇ ಸರಿಹೋಗುತ್ತದೆ. ತೂಕ ಬದಲಿಸುವುದರ ನಿಜವಾದ ಲಾಭ ಬೇರೆ ಕಡೆ ಇದೆ: ಚೆಂಡು ಮುಖದ ನಡುವಿಗೆ ಎಷ್ಟು ಸಲ ತಾಗುತ್ತದೆ ಎಂಬುದರಲ್ಲಿ.

ಮೊದಲ ಹೆಜ್ಜೆ: ಒಟ್ಟು ತೂಕ

ಚೀಲದಲ್ಲಿರುವ ಅಷ್ಟೂ ಕ್ಲಬ್‌ಗಳನ್ನು ಹೊರಗೆ ತೆಗೆದು ಒಂದೊಂದಾಗಿ ತೂಗಿ ಬರೆದಿಟ್ಟುಕೊಳ್ಳಿ. 1 ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಸಾಕು. ಉದ್ದದ ಕೋಲು ಜಾರದಂತೆ ತಕ್ಕಡಿಯ ಮೇಲೆ ಒಂದು ಬೋಗುಣಿ ಇಟ್ಟು ಸೊನ್ನೆ ಮಾಡಿ, ಕ್ಲಬ್ಬಿನ ನಡುಭಾಗ ಬೋಗುಣಿಯ ಮೇಲೆ ಬರುವಂತೆ ಅಡ್ಡ ಮಲಗಿಸಿ. ಎರಡೂ ತುದಿ ಗಾಳಿಯಲ್ಲಿರಬೇಕು.

ಉದ್ದದ ಕ್ಲಬ್ ಹಗುರ, ಗಿಡ್ಡ ಕ್ಲಬ್ ಭಾರ ಎಂಬ ಕ್ರಮದಲ್ಲಿ ತೂಕ ಏರುತ್ತ ಹೋಗಬೇಕು. ಡ್ರೈವರಿನಿಂದ ಅತಿ ಗಿಡ್ಡ ಐರನ್ನಾದ ವೆಜ್ ತನಕ ಏರಿಕೆ ಹದವಾಗಿದ್ದರೆ ಚೀಲ ಸರಿಯಿದೆ. ನಡುವೆ ಎಲ್ಲಾದರೂ ಕ್ರಮ ತಪ್ಪಿದ್ದರೆ ಆ ಕ್ಲಬ್ಬಿಗೆ ಗುರುತು ಹಾಕಿ. "ನನಗೆ 6ನೇ ಐರನ್ ಯಾಕೋ ಆಗಿಬರುವುದಿಲ್ಲ" ಎನ್ನುವವರ ಚೀಲದಲ್ಲಿ ಆ 6ನೆಯದಕ್ಕೆ ಯಾರೋ ಬೇರೆ ಶಾಫ್ಟು ಹಾಕಿಸಿರುವುದು ಅಪರೂಪವೇನಲ್ಲ. ಹಳೇ ಸೆಟ್‌ನಲ್ಲಂತೂ ಇದನ್ನು ನೋಡದೆ ದುಡ್ಡು ಕೊಡಬಾರದು.

ಎರಡನೆಯದು: ತೂಕ ಎಲ್ಲಿದೆ

ಸ್ವಿಂಗ್‌ವೇಟ್ ಎಂಬ ಮಾತು ಕೇಳಿರುತ್ತೀರಿ. ಡಿ0, ಡಿ2, ಸಿ6 ಎಂದೆಲ್ಲ ಬರೆಯುವ ಅಂಕಿ ಅದು. 1920ರ ದಶಕದಲ್ಲಿ ಅಮೆರಿಕದ ರಾಬರ್ಟ್ ಆ್ಯಡಮ್ಸ್ ರೂಪಿಸಿದ ತಕ್ಕಡಿಯಿಂದ ಬಂದ ಪದ್ಧತಿ: ಗ್ರಿಪ್ಪಿನ ತುದಿಯಿಂದ 14 ಇಂಚಿಗೆ ಕ್ಲಬ್ಬನ್ನು ಆನಿಸಿದರೆ ತಲೆಯ ಕಡೆ ಎಷ್ಟು ವಾಲುತ್ತದೆ ಎಂಬ ಲೆಕ್ಕ. ಅಕ್ಷರ ಮುಂದಕ್ಕೆ ಹೋದಂತೆ, ಅಂಕಿ ಏರಿದಂತೆ ತಲೆಭಾರ ಹೆಚ್ಚು. ಗಂಡಸರ ಸೆಟ್‌ಗಳು ಬಹುಪಾಲು ಡಿ0ರಿಂದ ಡಿ3ರೊಳಗೆ, ಹೆಂಗಸರ ಸೆಟ್‌ಗಳು ಸಿ4ರಿಂದ ಸಿ7ರೊಳಗೆ ಬರುತ್ತವೆ. ವೆಜ್‌ಗಳನ್ನು ಬೇಕೆಂದೇ ಇನ್ನೂ ನಾಲ್ಕಾರು ಅಂಕಿ ಭಾರ ಇಟ್ಟಿರುತ್ತಾರೆ.

ಆ ತಕ್ಕಡಿ ನಮ್ಮಲ್ಲಿಲ್ಲ, ಆದರೆ ಲೆಕ್ಕ ಮನೆಯಲ್ಲೇ ಬರುತ್ತದೆ. ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಬಿಗಿಯಾಗಿ ಹಿಡಿದುಕೊಳ್ಳಲು ಒಬ್ಬರಿಗೆ ಹೇಳಿ. ಅದರ ಮೇಲೆ ಶಾಫ್ಟನ್ನು ಅಡ್ಡ ಇಟ್ಟು ಅತ್ತ ಇತ್ತ ಸರಿಸುತ್ತ ಹೋದರೆ ಒಂದು ಕಡೆ ಕ್ಲಬ್ ಎರಡೂ ಬದಿಗೆ ವಾಲದೆ ನಿಲ್ಲುತ್ತದೆ. ಅಲ್ಲಿ ಪೆನ್ನಿನಿಂದ ಗೆರೆ ಎಳೆಯಿರಿ. ಗ್ರಿಪ್ಪಿನ ತುದಿಯಿಂದ ಆ ಗೆರೆಗೆ ಎಷ್ಟು ಸೆಂಟಿಮೀಟರ್ ಎಂದು ಅಳೆಯಿರಿ. ಬಂದ ಸಂಖ್ಯೆಯಿಂದ 35.6 ಕಳೆಯಿರಿ, ಉಳಿದದ್ದನ್ನು ಗ್ರಾಂ ತೂಕದಿಂದ ಗುಣಿಸಿ. ಉತ್ತರ 15,374 ಬಂದರೆ ಅದು ಡಿ0. ಅಲ್ಲಿಂದ ಪ್ರತಿ 126ಕ್ಕೆ ಒಂದು ಅಂಕಿ ಮೇಲೆ ಅಥವಾ ಕೆಳಗೆ.

ಒಂದು 7ನೇ ಐರನ್ 418 ಗ್ರಾಂ ಇದೆ, ಸಮತೋಲದ ಗೆರೆ 73 ಸೆಂ.ಮೀ.ಗೆ ಬಂತು ಎಂದುಕೊಳ್ಳಿ. 73ರಲ್ಲಿ 35.6 ಕಳೆದರೆ 37.4, ಅದನ್ನು 418ರಿಂದ ಗುಣಿಸಿದರೆ 15,633. ಡಿ0ಗಿಂತ 259 ಹೆಚ್ಚು, ಅಂದರೆ ಎರಡು ಅಂಕಿ. ಕ್ಲಬ್ ಡಿ2. ಗೆರೆ ಹಾಕುವಾಗ 3 ಮಿಲಿಮೀಟರ್ ಆಚೀಚೆಯಾದರೂ ಒಂದು ಅಂಕಿ ತಪ್ಪುತ್ತದೆ, ಆದ್ದರಿಂದ ಫ್ಯಾನು ಆರಿಸಿ, ಸಾವಕಾಶ ಮಾಡಿ, ಎರಡೆರಡು ಸಲ ನೋಡಿ.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮ ಅಡಗಿದೆ. 380 ಗ್ರಾಂನ ಗ್ರಾಫೈಟ್ 7ನೇ ಐರನ್ನಿನ ಗೆರೆ 76.7 ಸೆಂ.ಮೀ.ಗೆ ಬಂದರೆ ಅದೂ ಡಿ2 ಆಗುತ್ತದೆ. ಅಂಕಿ ಒಂದೇ, ತೂಕದಲ್ಲಿ 38 ಗ್ರಾಂ ಅಂತರ. ಎತ್ತಿ ಬೀಸಿದವರಿಗೆ ಎರಡೂ ಒಂದೇ ಎಂದು ಖಂಡಿತ ಅನ್ನಿಸುವುದಿಲ್ಲ. ಹಾಗಾಗಿ "ಎರಡೂ ಡಿ2, ಏನೂ ವ್ಯತ್ಯಾಸವಿಲ್ಲ" ಎಂದು ಮಾರುವವರು ಹೇಳಿದರೆ ಒಟ್ಟು ತೂಕ ಎಷ್ಟು ಎಂದು ಮರಳಿ ಕೇಳಿ. ನನ್ನ ಮಟ್ಟಿಗೆ ಒಟ್ಟು ತೂಕವೇ ಹಿರಿಯದು, ಸ್ವಿಂಗ್‌ವೇಟ್ ಅದರ ನಂತರದ್ದು.

ಮೂರನೆಯದು: ನಿಮ್ಮ ಮೈ ಏನು ಹೇಳುತ್ತದೆ

ಭಾರ ಹೆಚ್ಚಾದ ಕ್ಲಬ್ಬಿನ ಲಕ್ಷಣಗಳು: ತಲೆ ತಡವಾಗಿ ಬರುತ್ತದೆ, ಚೆಂಡು ಬಲಕ್ಕೆ ಸರಿಯುತ್ತದೆ, ಚೆಂಡಿನ ಹಿಂದಿನ ನೆಲಕ್ಕೆ ಏಟು ಬೀಳುತ್ತದೆ, ಆಟ ಮುಗಿಯುತ್ತ ಬಂದಂತೆ ಎಡ ಮುಂಗೈ ಸೋಲುತ್ತದೆ. ಮೊದಲ ಒಂದು ತಾಸು ಚೆನ್ನಾಗಿ ಹೊಡೆದು ಕೊನೆಯಲ್ಲಿ ಕೆಡುವವರು ತಮ್ಮ ದಮ್ಮಿನ ಬಗ್ಗೆ ಬೇಸರಪಡುವ ಮೊದಲು ಶಾಫ್ಟಿನ ತೂಕ ನೋಡಲಿ. ಕಾರವಾರದ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ 15 ಗ್ರಾಂ ವ್ಯತ್ಯಾಸವೂ ತೋಳಿಗೆ ತಿಳಿಯುತ್ತದೆ.

ತೀರ ಹಗುರವಾದದ್ದರ ಲಕ್ಷಣ ಇನ್ನೊಂದು ಥರ. ಕೈ ಅವಸರ ಮಾಡುತ್ತದೆ, ಭುಜ ಮೊದಲು ತಿರುಗುತ್ತದೆ, ಕ್ಲಬ್ ಹೊರಗಿನಿಂದ ಒಳಕ್ಕೆ ಬಂದು ಚೆಂಡು ಎಡಕ್ಕೆ ಎಳೆಯುತ್ತದೆ ಅಥವಾ ತಲೆಯ ಕೆಳ ಅಂಚು ಚೆಂಡಿನ ನಡುವಿಗೆ ಬಡಿದು ಕೈ ಜುಮ್ಮೆನ್ನುತ್ತದೆ. ಕಣ್ಣು ಮುಚ್ಚಿ ಬೀಸಿದಾಗ ತಲೆ ಎಲ್ಲಿದೆ ಎಂದು ಗೊತ್ತಾಗದಿದ್ದರೆ ಅದು ನಿಮಗೆ ಹಗುರ. ಹೊಲದಲ್ಲಿ, ತೋಟದಲ್ಲಿ ದುಡಿದು ಗಟ್ಟಿಯಾದ ತೋಳಿನವರಿಗೆ ಅಂಗಡಿಯವರು ಹೊಗಳುವ ತೀರ ಹಗುರದ ಹೊಸ ಡ್ರೈವರ್‌ಗಳು ಬಹಳ ಸಲ ಹೊಂದುವುದಿಲ್ಲ. 65 ಅಥವಾ 70 ಗ್ರಾಂನ ಶಾಫ್ಟು ಅವರ ಲಯಕ್ಕೆ ಸರಿಯಾಗಿ ಕೂರುತ್ತದೆ.

ನಾಲ್ಕನೆಯದು: ಈಗ ಬಳುಕು

ಶಾಫ್ಟಿನ ಮೇಲೆ ಎಲ್, ಎ, ಆರ್, ಎಸ್, ಎಕ್ಸ್ ಎಂಬ ಅಕ್ಷರ ಇರುತ್ತದೆ. ಎಲ್ ಹೆಂಗಸರಿಗೆ ಎಂದು, ಎ ಹಿರಿಯರಿಗೆ ಎಂದು, ಆರ್ ರೆಗ್ಯುಲರ್, ಎಸ್ ಸ್ಟಿಫ್, ಎಕ್ಸ್ ಅದಕ್ಕಿಂತ ಬಿಗಿ. ಈ ಅಕ್ಷರಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಅಳತೆ ಇಲ್ಲ. ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್‌ಗಿಂತ ಬಿಗಿಯಾಗಿರಬಹುದು. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಹೀಗಾಗುವುದುಂಟು. ಅಕ್ಷರ ಹೆಂಗಸರದ್ದು ಎಂಬ ಕಾರಣಕ್ಕೆ ವಯಸ್ಸಾದ ಗಂಡಸರು ದೂರ ಇಡುವುದೂ, ಎಸ್ ಎಂದಿದೆ ಎಂಬ ಹೆಮ್ಮೆಗೆ ಹುಡುಗರು ಕೊಳ್ಳುವುದೂ ಎರಡೂ ಆಟಕ್ಕೆ ಕೇಡು. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಡ್ರೈವರಿನಲ್ಲಿ ದೂರ ಹೊಡೆಯುವವರ ಸಾಲಿನವರಲ್ಲ. ಆದರೂ ಟೋಕಿಯೊ ಒಲಿಂಪಿಕ್ಸಿನಲ್ಲಿ 4ನೇ ಸ್ಥಾನಕ್ಕೆ ಬಂದು ಪದಕದ ಅಂಚಿನ ತನಕ ಹೋದರು. ತಮ್ಮ ವೇಗಕ್ಕೆ ತಕ್ಕ ಸಾಮಾನಿನಿಂದ ಆಡುವುದರಲ್ಲಿ ಸಣ್ಣತನ ಏನೂ ಇಲ್ಲ.

ಸ್ಥೂಲ ಅಂದಾಜಿಗೆ ಡ್ರೈವರಿನ ತಲೆಯ ವೇಗ ಬೇಕು. ಯಂತ್ರ ಇಲ್ಲದಿದ್ದರೆ ಚೆಂಡು ನೆಲ ಮುಟ್ಟುವ ತನಕ ಹಾರಿದ ದೂರದಿಂದ ಊಹಿಸಬಹುದು. ಉರುಳಿದ ದೂರ ಸೇರಿಸಬೇಡಿ. ನೇರವಾಗಿ, ಮುಖದ ನಡುವಿಗೆ ತಾಗಿದ ಹೊಡೆತಗಳಲ್ಲಿ 160 ಮೀಟರ್ ಹಾರಿದರೆ ತಲೆಯ ವೇಗ ಗಂಟೆಗೆ ಸುಮಾರು 75 ಮೈಲಿ, 183 ಮೀಟರಿಗೆ 85, 205 ಮೀಟರಿಗೆ 95, 230 ಮೀಟರಿಗೆ 105 ಮೈಲಿ. 75ಕ್ಕಿಂತ ಕೆಳಗಿದ್ದವರು ಎಲ್, 75ರಿಂದ 85ರವರೆಗೆ ಎ, 85ರಿಂದ 95ರವರೆಗೆ ಆರ್, 95ರಿಂದ 105ರವರೆಗೆ ಎಸ್, ಅದರ ಮೇಲೆ ಎಕ್ಸ್ ಎಂದು ಶುರು ಮಾಡಬಹುದು. ಶುರು ಮಾಡಲು ಮಾತ್ರ. ಮೇಲಿನಿಂದ ಕೆಳಕ್ಕೆ ತಿರುಗುವಾಗ ಥಟ್ಟನೆ ಎಳೆಯುವವರಿಗೆ ಒಂದು ಹಂತ ಬಿಗಿಯಾದದ್ದು ಹಿತವಾಗುತ್ತದೆ, ನಿಧಾನಕ್ಕೆ ವೇಗ ಕೂಡಿಸಿಕೊಳ್ಳುವವರಿಗೆ ಒಂದು ಹಂತ ಮೆದುವಾದದ್ದು. ಎರಡು ಹಂತಗಳ ನಡುವೆ ಸಿಕ್ಕಿಕೊಂಡವರಿಗೆ ನನ್ನ ಸಲಹೆ ಮೆದುವಿನ ಕಡೆಗೇ. ಬಿಗಿ ಶಾಫ್ಟನ್ನು ಬಗ್ಗಿಸಲು ಮೈ ಬಿಗಿಹಿಡಿದು ಹೊಡೆಯುವ ಚಾಳಿ ಅಂಟಿಕೊಂಡರೆ ಬಿಡಿಸುವುದು ಕಷ್ಟ.

ಅಕ್ಷರ ನಂಬುವಂತಿಲ್ಲವೆಂದ ಮೇಲೆ ಬಿಗಿಯನ್ನು ಅಳೆಯುವುದು ಹೇಗೆ? ವೆಲ್ಡಿಂಗ್ ಅಥವಾ ಮರಗೆಲಸದ ಅಂಗಡಿಗೆ ಹೋಗಿ. ಅಲ್ಲಿ ಸಾಮಾನನ್ನು ಬಿಗಿಯಾಗಿ ಹಿಡಿದಿಡುವ ವೈಸ್ ಇರುತ್ತದೆ. "ಎಂತ ಮಾರಾಯ್ರೇ, ಈ ಕೋಲು ಬಗ್ಗಿಸ್ಲಿಕ್ಕೆ ತಂದದ್ದಾ?" ಎಂದು ಕೇಳುತ್ತಾರೆ, ಬಗ್ಗಿಸಲಿಕ್ಕಲ್ಲ, ಅಲುಗಿಸಲಿಕ್ಕೆ ಎಂದು ಮೊದಲೇ ಹೇಳಿಬಿಡಿ. ಗ್ರಿಪ್ಪಿಗೆ ಬಟ್ಟೆ ಸುತ್ತಿ ಮೇಲಿನ 12.7 ಸೆಂ.ಮೀ., ಅಂದರೆ 5 ಇಂಚು, ವೈಸಿನಲ್ಲಿ ಹಿಡಿಸಿ. ಗ್ರಿಪ್ ಹರಿಯುವಷ್ಟು ಬಿಗಿಯಬೇಡಿ, ಅಲುಗದಷ್ಟು ಬಿಗಿದರೆ ಸಾಕು. ಕ್ಲಬ್ ಅಡ್ಡ ಚಾಚಿಕೊಂಡಿರಲಿ. ತಲೆಯನ್ನು ನಾಲ್ಕು ಬೆರಳು ಕೆಳಕ್ಕೆ ಒತ್ತಿ ಬಿಟ್ಟುಬಿಡಿ. ತಲೆ ಮೇಲೆ ಕೆಳಗೆ ತುಯ್ಯುವುದನ್ನು ಮೊಬೈಲಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಚಿತ್ರದ ವೇಗದಲ್ಲಿ, ಹಿಡಿಯಿರಿ. ತಲೆ ಅತಿ ಕೆಳಗಿರುವ ಚಿತ್ರದಿಂದ ಹತ್ತು ಸಲ ತುಯ್ದು ಮತ್ತೆ ಅತಿ ಕೆಳಗೆ ಬರುವ ತನಕ ಎಷ್ಟು ಚಿತ್ರ ಎಂದು ಎಣಿಸಿ. 1,44,000ವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ತುಯ್ತ ಎಂದು ಸಿಗುತ್ತದೆ. 576 ಚಿತ್ರ ಬಂದರೆ 250.

ಡ್ರೈವರಿನಲ್ಲಿ 240ರಿಂದ 250 ರೆಗ್ಯುಲರ್ ಕಡೆಯದು, 250ರಿಂದ 260 ಸ್ಟಿಫ್ ಕಡೆಯದು ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಮನೆಯ ಅಳತೆಯಲ್ಲಿ ಗ್ರಿಪ್ ಮೆತ್ತಗಿರುವುದರಿಂದ ಅಂಕಿ ಸ್ವಲ್ಪ ಕಡಿಮೆಯೇ ಬರುತ್ತದೆ. ಹಾಗಾಗಿ ಇದನ್ನು ಹೋಲಿಕೆಗೆ ಬಳಸಿ: ನಿಮಗೆ ಹೊಂದುವ ಸ್ನೇಹಿತರ ಕ್ಲಬ್ಬಿಗೂ ಕೊಳ್ಳಬೇಕೆಂದಿರುವ ಕ್ಲಬ್ಬಿಗೂ ಒಂದೇ ವೈಸಿನಲ್ಲಿ, ಒಂದೇ ಥರ ಹಿಡಿಸಿ ನೋಡಿ. ಐರನ್ ಸೆಟ್‌ನಲ್ಲಿ ಒಂದರಿಂದ ಇನ್ನೊಂದು ಗಿಡ್ಡ ಐರನ್ನಿಗೆ ನಾಲ್ಕರಷ್ಟು ಏರಿಕೆ ಇದ್ದರೆ ಸೆಟ್ ಹೊಂದಿಕೆಯಾಗಿದೆ. ಒಂದು ಐರನ್ ಹತ್ತು ಹದಿನೈದು ಆಚೀಚೆ ಬಂದರೆ ಅದು ಆ ಸೆಟ್‌ನ ಹುಟ್ಟುಶಾಫ್ಟಲ್ಲ.

ಶಾಫ್ಟಿನ ಮೇಲೆ ಟಾರ್ಕ್, ಕಿಕ್ ಪಾಯಿಂಟ್ ಎಂದೂ ಬರೆದಿರುತ್ತದೆ. ಟಾರ್ಕ್ ಅಂದರೆ ಶಾಫ್ಟು ಎಷ್ಟು ತಿರುಚಿಕೊಳ್ಳುತ್ತದೆ ಎಂಬುದು, ಕಿಕ್ ಪಾಯಿಂಟ್ ಅಂದರೆ ಎಲ್ಲಿ ಹೆಚ್ಚು ಬಾಗುತ್ತದೆ ಎಂಬುದು. ಕಲಿಯುವ ಹಂತದಲ್ಲಿ ಇವೆರಡಕ್ಕೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಐದನೆಯದು: ಹೊಡೆದು ನೋಡುವುದು

ಜಾಗದ ಮಾತು ಮೊದಲು. ಕಾರವಾರದ ಟಾಗೋರ್ ಕಡಲತೀರದಲ್ಲಿ, ಅಥವಾ ಜನ ಓಡಾಡುವ, ಬಲೆ ಎಳೆಯುವ ಯಾವುದೇ ತೀರದಲ್ಲಿ ನಿಜವಾದ ಗಾಲ್ಫ್ ಚೆಂಡು ಹೊಡೆಯಲೇಬೇಡಿ. 7ನೇ ಐರನ್ನಿನಿಂದ ಹೊರಟ ಚೆಂಡು ಗಂಟೆಗೆ 150 ಕಿ.ಮೀ. ದಾಟುತ್ತದೆ, ತಲೆಗೆ ತಾಗಿದರೆ ಜೀವ ಹೋಗುವ ಏಟು ಅದು. ಭತ್ತ ಕೊಯ್ದ ಗದ್ದೆ, ಹುಲ್ಲು ಕೊಯ್ದ ಬೇಣ, ಮಾಲೀಕರ ಒಪ್ಪಿಗೆ ಇದ್ದರೆ, ಮುಂದೆ ಇನ್ನೂರು ಮೀಟರ್ ಯಾರೂ ಇಲ್ಲವೆಂದು ಖಾತ್ರಿಯಿದ್ದರೆ, ಒಳ್ಳೆಯ ಜಾಗಗಳು. ಡ್ರೈವರಿಗೆ ಅದೂ ಸಾಲದು, ಅದನ್ನು ಮೈದಾನಕ್ಕೇ ಕಾದಿರಿಸಿ. ಅಂಗಳದಲ್ಲಾದರೆ ಪ್ಲಾಸ್ಟಿಕ್ ಅಥವಾ ಫೋಮ್ ಚೆಂಡು. ಬೇಣದಲ್ಲಿ ಹೊಡೆಯುವವರು ಕಾಲಕೆಳಗೆ ಕಲ್ಲಿಲ್ಲದ ಕಡೆ ನೋಡಿಕೊಳ್ಳಿ, ಜಂಬಿಟ್ಟಿಗೆಗೆ ಬಡಿದರೆ ಮಣಿಕಟ್ಟಿಗೂ ಶಾಫ್ಟಿಗೂ ಒಟ್ಟಿಗೇ ಪೆಟ್ಟು.

ಕ್ಲಬ್ಬಿನ ಮುಖಕ್ಕೆ ಟಾಲ್ಕಂ ಪೌಡರನ್ನು ತೆಳುವಾಗಿ ಸವರಿ ಒಂದೊಂದೇ ಚೆಂಡು ಹೊಡೆಯಿರಿ. ಚೆಂಡು ತಾಗಿದಲ್ಲಿ ದುಂಡನೆಯ ಗುರುತು ಬೀಳುತ್ತದೆ. ಫೋಟೊ ತೆಗೆದುಕೊಂಡು, ಒರೆಸಿ, ಮತ್ತೆ ಸವರಿ. ಒಂದು ಕ್ಲಬ್ಬಿನಲ್ಲಿ ಹತ್ತು, ಸ್ವಲ್ಪ ಕೂತು ನೀರು ಕುಡಿದು, ಇನ್ನೊಂದರಲ್ಲಿ ಹತ್ತು. ಅತಿ ದೂರ ಹೋದ ಚೆಂಡನ್ನು ನೆನಪಿಟ್ಟುಕೊಳ್ಳುವುದು ಮನುಷ್ಯ ಸಹಜ. ಇಲ್ಲಿ ಅದನ್ನು ಬಿಟ್ಟು ಗುರುತುಗಳು ಎಷ್ಟು ಒತ್ತೊತ್ತಾಗಿ ಬಿದ್ದಿವೆ ಎಂದಷ್ಟೇ ನೋಡಿ. ಗುರುತುಗಳು ಮುಖದ ಉದ್ದಕ್ಕೂ ಚದುರಿದ್ದರೆ ತೂಕದ ಕಡೆ ಮರಳಿ ಹೋಗಿ. ಒತ್ತಾಗಿಯೇ ಬಿದ್ದು ಚೆಂಡು ಮಾತ್ರ ಒಂದೇ ದಿಕ್ಕಿಗೆ, ಒಂದೇ ಎತ್ತರಕ್ಕೆ ತಪ್ಪುತ್ತಿದ್ದರೆ ಬಳುಕನ್ನು ಅನುಮಾನಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ತೂಕ, ಬಳುಕು, ಗ್ರಿಪ್ ಮೂರನ್ನೂ ಒಟ್ಟಿಗೇ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಯಾರಿಂದಲೂ ಹೇಳಲಾಗದು.

ತಿದ್ದುವುದು

ಹೊಸ ಶಾಫ್ಟಿಗೆ ಖರ್ಚು ಮಾಡುವ ಮುನ್ನ ಸೀಸದ ಟೇಪು ತರಿಸಿ. ತಲೆಯ ಹಿಂಬದಿಗೆ 2 ಗ್ರಾಂ ಅಂಟಿಸಿದರೆ ಸ್ವಿಂಗ್‌ವೇಟ್ ಸುಮಾರು ಒಂದು ಅಂಕಿ ಏರುತ್ತದೆ. 2, 4, 6 ಗ್ರಾಂ ಎಂದು ಏರಿಸುತ್ತ ಪೌಡರ್ ಪರೀಕ್ಷೆ ಮಾಡಿ. ಒಂದು ಹಂತದಲ್ಲಿ ಗುರುತುಗಳು ಒಟ್ಟುಗೂಡುವುದು ಕಣ್ಣಿಗೇ ಕಾಣುತ್ತದೆ. ಟೇಪು ಮುಟ್ಟಿದ ಕೈ ತೊಳೆದುಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ. ಗ್ರಿಪ್ಪಿನಲ್ಲಿ 5 ಗ್ರಾಂ ಹೆಚ್ಚಿದರೆ ಇದರ ಉಲ್ಟಾ, ಒಂದು ಅಂಕಿ ಇಳಿಯುತ್ತದೆ. ದಪ್ಪ ಗ್ರಿಪ್ ಹಾಕಿಸಿದ ಮೇಲೆ ತಲೆ ಕಳೆದುಹೋದಂತೆ ಅನ್ನಿಸುವುದು ಇದಕ್ಕೇ. ಆಟದ ನಡುವೆ ಟೇಪು ಹಚ್ಚುವುದು, ತೆಗೆಯುವುದು ನಿಯಮಕ್ಕೆ ವಿರುದ್ಧ. ಏನಿದ್ದರೂ ಮೊದಲ ಹೊಡೆತಕ್ಕೆ ಮುಂಚೆ.

ಶಾಫ್ಟು ಕತ್ತರಿಸುವ ವಿಷಯದಲ್ಲಿ ಎಚ್ಚರ ಬೇಕು. ಗ್ರಿಪ್ಪಿನ ಕಡೆಯಿಂದ ಅರ್ಧ ಇಂಚು ಕತ್ತರಿಸಿದರೆ ಸ್ವಿಂಗ್‌ವೇಟ್ ಮೂರು ಅಂಕಿ ಇಳಿಯುತ್ತದೆ, ಶಾಫ್ಟು ಬಿಗಿಯೂ ಆಗುತ್ತದೆ. ದೊಡ್ಡವರ ಕ್ಲಬ್ ಕತ್ತರಿಸಿ ಮಕ್ಕಳಿಗೆ ಕೊಡುವುದು ಪ್ರೀತಿಯಿಂದಲೇ, ಆದರೆ ಹತ್ತು ವರ್ಷದ ಹುಡುಗಿಯ ಕೈಯಲ್ಲಿ ಅದು ಗಿಡ್ಡ ಸಲಾಕೆಯಾಗಿ ಉಳಿಯುತ್ತದೆ. ತಲೆಯ ಭಾರ ಹಾಗೇ, ಶಾಫ್ಟು ಮೊದಲಿಗಿಂತ ಬಿಗಿ. ಮಕ್ಕಳಿಗೆ ಮಕ್ಕಳ ಸೆಟ್ಟೇ ಆಗಬೇಕು. ಎರಡು ಮೂರು ಕ್ಲಬ್ ಸಾಕು, ಹಗುರವಾಗಿರಲಿ, ಬಳುಕಲಿ.

ಅರವತ್ತು ದಾಟಿದವರು ಉಕ್ಕಿನಿಂದ ಗ್ರಾಫೈಟ್ ಐರನ್ನಿಗೆ ಬದಲಾಗಲು ಹಿಂಜರಿಯುವುದನ್ನು ನೋಡುತ್ತೇನೆ. ಒಂದೊಂದು ಕ್ಲಬ್ಬಿನಲ್ಲಿ 40, 50 ಗ್ರಾಂ ಇಳಿದರೆ ಮೊಣಕೈಗೂ ಭುಜಕ್ಕೂ ಸಿಗುವ ಆರಾಮ ದೊಡ್ಡದು, ನೆಲಕ್ಕೆ ಬಡಿದಾಗಿನ ಕಂಪನವೂ ಗ್ರಾಫೈಟಿನಲ್ಲಿ ಕಡಿಮೆ.

ಕರಾವಳಿಯ ಹವೆಗೆ

ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಉಕ್ಕಿನ ಶಾಫ್ಟಿನ ಮೇಲಿನ ಹೊಳಪು ಎಲ್ಲಿ ಎದ್ದಿದೆಯೋ ಅಲ್ಲಿ ತುಕ್ಕು ಚುಕ್ಕೆ ಕೂರುತ್ತದೆ. ಗ್ರಿಪ್ಪಿನ ತುದಿಯ ಸಣ್ಣ ತೂತಿನಿಂದ ಒಳಗೂ ನೀರು ಹೋಗುತ್ತದೆ. ಮಳೆಯಲ್ಲಿ ಆಡಿ ಬಂದ ದಿನ ಕ್ಲಬ್‌ಗಳನ್ನು ಚೀಲದಿಂದ ಹೊರಗೆ ತೆಗೆದು, ಒಣ ಬಟ್ಟೆಯಿಂದ ಒರೆಸಿ, ಗ್ರಿಪ್ ಕೆಳಗಾಗಿ ಗೋಡೆಗೆ ಒರಗಿಸಿ ಒಣಗಲು ಬಿಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಪೂರ್ತಿ ಸೆಟ್ ತೂಗಿ, ಹಿಂದೆ ಬರೆದಿಟ್ಟ ಅಂಕಿಗಳ ಜತೆ ತಾಳೆ ನೋಡಿ. ಸೀಸದ ಟೇಪಿನ ಅಂಟು ತೇವಕ್ಕೆ ಬಿಡುತ್ತದೆ, ತೂಕ ಇಳಿದಿದ್ದರೆ ಮೊದಲು ಅದನ್ನೇ ಹುಡುಕಿ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಸೆಟ್ ಬಿಡಬೇಡಿ; ತಲೆಯನ್ನು ಶಾಫ್ಟಿಗೆ ಹಿಡಿದಿರುವ ಅಂಟು, ಗ್ರಿಪ್ಪಿನಡಿಯ ಟೇಪು ಎರಡೂ ಕಾವಿಗೆ ಸಡಿಲಾಗುತ್ತವೆ. ಗ್ರಾಫೈಟಿಗೆ ತುಕ್ಕಿಲ್ಲ, ಆದರೆ ಚೀಲದ ಅಂಚಿಗೆ ಉಜ್ಜಿ ಉಜ್ಜಿ ಗಾಯವಾಗುತ್ತದೆ. ಹಳೇ ಗ್ರಾಫೈಟ್ ಕ್ಲಬ್ ಕೊಳ್ಳುವಾಗ ಶಾಫ್ಟಿನ ಮೇಲೆ ಉಗುರು ಎಳೆಯುತ್ತ ತಲೆಯ ತನಕ ಬನ್ನಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ, ಅಥವಾ ತಲೆ ಹಿಡಿದು ತಿರುಚಿದಾಗ ಕರಕರ ಸದ್ದು ಬಂದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಆ ಕ್ಲಬ್ ಬೇಡ.